ಗೂಡು ಬೇಯುವ ಊರಿನಲ್ಲಿ ಅಹಿಂಸೆಯ ಪಾಠ

ಯೋಗ ಶಿಕ್ಷಕಿಯಾಗಬೇಕೆಂದು ತರಬೇತಿಗೆ ಸೇರಿದ ಮೇಲೆ ನನಗೆ ಎಲ್ಲಕ್ಕಿಂತ ಕಷ್ಟವಾದ ಪಾಠ ಅಹಿಂಸೆಯದು. ಅಷ್ಟಾಂಗ ಯೋಗದಲ್ಲಿ ಮೊದಲ ಅಂಗ ಯಮ, ಯಮದಲ್ಲಿ ಮೊದಲನೆಯದು ಅಹಿಂಸೆ. ಆಸನದ ಸರದಿ ಬರುವುದು ಮೂರನೆಯದಾಗಿ. ನಾನು ಹುಟ್ಟಿ ಬೆಳೆದದ್ದು ಕನಕಪುರ ತಾಲ್ಲೂಕಿನ ಹಳ್ಳಿಯಲ್ಲಿ, ರೇಷ್ಮೆ ಹುಳು ಸಾಕುವ ಮನೆಯಲ್ಲಿ. ಮದುವೆಯಾಗಿ ಬಂದದ್ದು ರಾಮನಗರಕ್ಕೆ, ನೂಲು ಬಿಚ್ಚುವ ಶೆಡ್ಡುಗಳಿರುವ ಬೀದಿಗೆ. ನನ್ನ ಕಾಲೇಜು ಫೀಸು, ಮದುವೆಯ ಖರ್ಚು, ಈ ತರಬೇತಿಗೆ ಅಪ್ಪ ಕೊಟ್ಟ ದುಡ್ಡು, ಎಲ್ಲವೂ ಗೂಡು ಮಾರಿ ಬಂದದ್ದೇ. ಅಂಥವಳು ಹತ್ತು ಜನರ ಮುಂದೆ ಕೂತು ಅಹಿಂಸೆ ಹೇಳಿಕೊಡಬಹುದೇ? ಇದನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೇ ಕೇಳಿಕೊಂಡೆ. ಕೇಳಿಕೊಂಡ ಮೇಲೆ ಅದು ಬಿಡಲಿಲ್ಲ.

ಹೊರಗಿನವರಿಗೆ ರಾಮನಗರ ಎಂದರೆ ‘ಶೋಲೆ’ ಚಿತ್ರದ ಬಂಡೆಗಳು, ರಾಮದೇವರ ಬೆಟ್ಟದ ರಣಹದ್ದುಗಳು. ನಮಗೆ ಊರೆಂದರೆ ಗೂಡಿನ ಮಾರುಕಟ್ಟೆ. ಬೆಳಗಾದರೆ ಸುತ್ತಲ ತಾಲ್ಲೂಕುಗಳಿಂದ, ದೂರದ ಜಿಲ್ಲೆಗಳಿಂದ ರೈತರು ಗೂಡು ತಂದು ಸುರಿಯುತ್ತಾರೆ, ಹರಾಜು ನಡೆಯುತ್ತದೆ, ನೂಲು ಬಿಚ್ಚಿಸುವ ರೀಲರುಗಳು ಕೊಂಡು ಶೆಡ್ಡಿಗೆ ಸಾಗಿಸುತ್ತಾರೆ. ಗೂಡಿನೊಳಗೆ ಹುಳು ಆಗ ಕೋಶವಾಗಿ ಜೀವಂತ ಇರುತ್ತದೆ. ಬಿಟ್ಟರೆ ಹತ್ತು ಹನ್ನೆರಡು ದಿನದೊಳಗೆ ಪತಂಗವಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲಾಗದು. ಆದ್ದರಿಂದ ಅದಕ್ಕೆ ಮೊದಲೇ ಹಬೆಯಲ್ಲೋ ಬಿಸಿಗಾಳಿಯಲ್ಲೋ ಕೋಶವನ್ನು ಸಾಯಿಸಬೇಕು. ಆಮೇಲೆ ಕುದಿಯುವ ನೀರು.

ನಮ್ಮ ಬೀದಿಯ ಶೆಡ್ಡಿನಲ್ಲಿ ನೂಲು ಬಿಚ್ಚುವವರ ಪಕ್ಕ ನಿಂತು ನಾನು ಎಷ್ಟೋ ಹೊತ್ತು ನೋಡಿದ್ದೇನೆ. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತಿರುತ್ತವೆ. ಹೆಂಗಸು ಬೆರಳಿನಿಂದಲೇ ಎಳೆಯ ತುದಿ ಹಿಡಿದು, ಏಳೆಂಟು ಎಳೆ ಕೂಡಿಸಿ ಮೇಲಿನ ರಾಟೆಗೆ ಹಾಯಿಸುತ್ತಾಳೆ. ರಾಟೆ ತಿರುಗಿದಂತೆ ಗೂಡು ನೀರಿನಲ್ಲಿ ಬುಗುರಿಯ ಹಾಗೆ ಸುತ್ತುತ್ತದೆ, ಸುತ್ತುತ್ತ ತೆಳುವಾಗುತ್ತದೆ. ಸಾವಿರ ಮೀಟರಿನ ಹತ್ತಿರದ ಎಳೆ ಬಿಟ್ಟುಕೊಟ್ಟ ಮೇಲೆ ಒಳಗಿನ ಕಂದು ಬಣ್ಣದ ಕೋಶ ಪೊರೆಯೊಳಗಿಂದ ಕಾಣಿಸುತ್ತದೆ. ಅದನ್ನು ಎತ್ತಿ ಪಕ್ಕದ ಬುಟ್ಟಿಗೆ ಹಾಕುತ್ತಾಳೆ, ಅಷ್ಟರಲ್ಲಿ ಇನ್ನೊಂದರ ತುದಿ ಕೈಯಲ್ಲಿರುತ್ತದೆ. ಒಂದು ಕಿಲೋ ಗೂಡೆಂದರೆ ಐನೂರು ಆರುನೂರು ಜೀವ. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕು. ಬುಟ್ಟಿ ತುಂಬಿದ ಕೋಶ ಎಣ್ಣೆಗೆ, ಕೋಳಿ ಆಹಾರಕ್ಕೆ ಹೋಗುತ್ತದೆ. ಆ ವಾಸನೆ ನಮ್ಮ ಬೀದಿಯ ಗಾಳಿಯಲ್ಲೇ ಇದೆ. ಪ್ರಾಣಾಯಾಮಕ್ಕೆ ಕೂತು ನಾನು ಒಳಗೆ ಎಳೆದುಕೊಳ್ಳುವ ಉಸಿರೂ ಅದೇ.

ತರಬೇತಿಯಲ್ಲಿ ಯಮ ನಿಯಮಗಳು ಒಂದು ಬೆಳಗಿನ ಪಾಠದಲ್ಲಿ ಮುಗಿದವು. 200 ಗಂಟೆಯ ಕೋರ್ಸಿನಲ್ಲಿ ಅಂಗರಚನೆ ಇದೆ, ಆಸನಗಳ ಕ್ರಮ ಇದೆ, ತರಗತಿ ನಡೆಸುವ ಅಭ್ಯಾಸ ಇದೆ. ಹೊತ್ತು ಸಾಲದು ಎಂಬುದು ನನಗೂ ಅರ್ಥವಾಗುತ್ತದೆ. ಅಹಿಂಸೆ ಎಂದರೆ ಮಾಂಸ ತಿನ್ನಬಾರದು, ಮಾತಿನಲ್ಲಿ ನೋಯಿಸಬಾರದು, ದೇಹವನ್ನು ಬಲವಂತವಾಗಿ ಬಗ್ಗಿಸಬಾರದು ಎಂದು ಬರೆದುಕೊಂಡೆವು. ಆದರೆ ಹಿರಿಯರು ಇದನ್ನು ಹೀಗೆ ದಾಟಿ ಹೋದವರಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ‘ಯೋಗ ಮಕರಂದ’ವನ್ನು ಕನ್ನಡದಲ್ಲೇ ಬರೆದರು. ಅವರ ಶಿಷ್ಯ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ 1966ರ ‘ಲೈಟ್ ಆನ್ ಯೋಗ’ದಲ್ಲಿ ಆಸನಗಳಿಗೆ ಮುನ್ನ ಯಮ ನಿಯಮಗಳ ವಿವರಣೆ ಇದೆ. ಪತಂಜಲಿಯಂತೂ ಆಸನದ ಬಗ್ಗೆ ನೇರವಾಗಿ ಹೇಳಿದ್ದು ಮೂರೇ ಸೂತ್ರಗಳಲ್ಲಿ. ಯಮಕ್ಕೆ ಕೊಟ್ಟ ಜಾಗ ಅದಕ್ಕಿಂತ ಹೆಚ್ಚು. ಪರೀಕ್ಷೆಗೆ ಓದಲೇಬೇಕಿದ್ದ ಯೋಗಸೂತ್ರವನ್ನು ನಾನು ವ್ಯಾಸಭಾಷ್ಯದ ಜೊತೆ ಇಟ್ಟುಕೊಂಡು ನಿಧಾನವಾಗಿ ಓದಲು ಹಿಡಿದದ್ದು ಈ ಕಾರಣಕ್ಕೆ.

ಅಲ್ಲಿ ನನಗೆ ಸಿಕ್ಕಿದ್ದು ಒಬ್ಬ ಮೀನುಗಾರ. ಯಮಗಳು ಜಾತಿ, ದೇಶ, ಕಾಲ, ಸಂದರ್ಭಗಳ ಎಲ್ಲೆ ಇಲ್ಲದೆ ಎಲ್ಲೆಡೆ ನಡೆದಾಗ ಮಹಾವ್ರತವಾಗುತ್ತವೆ ಎನ್ನುತ್ತಾನೆ ಪತಂಜಲಿ. ಹಾಗಾದರೆ ಎಲ್ಲೆ ಇರುವ ಅಹಿಂಸೆ ಯಾವುದು? ಭಾಷ್ಯಕಾರ ಮೊದಲ ಉದಾಹರಣೆಯಾಗಿ ಮೀನು ಹಿಡಿಯುವವನನ್ನು ಕರೆತರುತ್ತಾನೆ. ಅವನ ಹಿಂಸೆ ಮೀನಿನ ಮಟ್ಟಿಗೆ ಮಾತ್ರ, ಬೇರೆ ಯಾವ ಜೀವಕ್ಕೂ ಅವನು ಕೈ ಎತ್ತುವುದಿಲ್ಲ. ಅದೂ ಅಹಿಂಸೆಯೇ, ಆದರೆ ಕಸುಬಿನ ಎಲ್ಲೆಯೊಳಗಿನ ಅಹಿಂಸೆ.

ಓದಿದಾಗ ನನಗೆ ಅಳು ಬಂತು. ಸಾವಿರಾರು ವರ್ಷದ ಪುಸ್ತಕದೊಳಗೆ ನಮ್ಮಪ್ಪನಿಗೆ ಒಂದು ಜಾಗ ಇದೆ ಅನ್ನಿಸಿತು. ಅಪ್ಪ ಹೊಲದಲ್ಲಿ ಹಾವು ಕಂಡರೂ ಹೊಡೆಯದವರು, ಎತ್ತಿಗೆ ಚಾಟಿ ಎತ್ತದವರು. ಅವರ ಕೈಯಿಂದ ಆದ ಕೊಲೆ ಎಂದರೆ ಗೂಡೊಂದೇ, ಅದೂ ಅವರ ಕಣ್ಣ ಮುಂದೆ ಆದದ್ದಲ್ಲ. ಕೆಲವು ದಿನ ಈ ಸಮಾಧಾನದಲ್ಲೇ ಇದ್ದೆ. ಆಮೇಲೆ ಆ ಭಾಗವನ್ನು ಮತ್ತೆ ಓದಿದೆ. ಭಾಷ್ಯಕಾರ ಮೀನುಗಾರನನ್ನು ತಂದದ್ದು ಯೋಗಿಯ ವ್ರತ ಎಲ್ಲಿ ಬೇರೆಯಾಗುತ್ತದೆ ಎಂದು ತೋರಿಸಲು. ಅಪ್ಪನಿಗೆ ಆ ಎಲ್ಲೆ ಸಾಕು, ಅವರು ಯೋಗ ಕಲಿಸುತ್ತೇನೆಂದು ಹೊರಟವರಲ್ಲ. ಹೊರಟವಳು ನಾನು.

ಮುಂದಿನ ಸೂತ್ರಗಳು ಇನ್ನೂ ಬಿಗಿ. ಹಿಂಸೆ ತಾನೇ ಮಾಡಿದ್ದಿರಬಹುದು, ಮಾಡಿಸಿದ್ದಿರಬಹುದು, ಮಾಡಿದವರನ್ನು ಒಪ್ಪಿದ್ದಿರಬಹುದು. ಅದು ಲೋಭದಿಂದಲೋ ಕ್ರೋಧದಿಂದಲೋ ಮೋಹದಿಂದಲೋ ಹುಟ್ಟುತ್ತದೆ. ಮಾಂಸಕ್ಕೆಂದು, ಚರ್ಮಕ್ಕೆಂದು ಕೊಲ್ಲುವುದು ಲೋಭದ ಸಾಲಿನಲ್ಲಿದೆ. ಪ್ರತಿಯೊಂದರಲ್ಲೂ ಮೃದು, ಮಧ್ಯ, ತೀವ್ರ, ಅವುಗಳೊಳಗೂ ಮೂರು ಮೂರು. ಹೀಗೆ ಭಾಷ್ಯಕಾರ 81 ಬಗೆಯ ಹಿಂಸೆ ಎಣಿಸುತ್ತಾನೆ. ಇದನ್ನು ಓದಿದಾಗ ನನಗೆ ಎರಡನೆಯ ಸಮಾಧಾನ ಸಿಕ್ಕಿತು. ನೂಲು ಬಿಚ್ಚುವವಳು ಮಾಡಿದವಳು, ಶೆಡ್ಡಿನವರು ಮಾಡಿಸಿದವರು, ಸೀರೆ ಉಟ್ಟವರು ಒಪ್ಪಿದವರು. ಮಡಿಯಲ್ಲಿ ಪೂಜೆಗೆ ಕೂರುವುದು ರೇಷ್ಮೆ ಉಟ್ಟೇ, ಯೋಗದ ಪ್ರಮಾಣಪತ್ರ ಹಂಚುವ ಸಮಾರಂಭಕ್ಕೆ ಬರುವುದೂ ರೇಷ್ಮೆ ಉಟ್ಟೇ. ಹಾಗಿದ್ದ ಮೇಲೆ ನಮ್ಮ ಬೀದಿಯವರನ್ನೇ ಏಕೆ ಬೆರಳು ಮಾಡಿ ತೋರಿಸಬೇಕು?

ಮಾತು ನಿಜ. ಆದರೆ ಅದನ್ನು ಯೋಚಿಸುವಾಗ ನನ್ನೊಳಗೆ ಇದ್ದದ್ದು ಸಿಟ್ಟು. ಸೀರೆ ಉಟ್ಟವರ ಮೇಲೆ ಪಾಪವನ್ನು ಹೊರಿಸಿ ನಾನು ಹಗುರಾಗಲು ನೋಡುತ್ತಿದ್ದೆ. ಕ್ರೋಧವೂ ಹಿಂಸೆಯ ಬೇರುಗಳಲ್ಲಿ ಒಂದೆಂದು ಅದೇ ಪುಟದಲ್ಲಿದೆ. ಇನ್ನೂ ಒಂದು ಮಾತು: ನಮ್ಮ ಜಿಲ್ಲೆಯ ಇನ್ನೊಂದು ಹೆಸರಾದ ಕಸುಬು ಚನ್ನಪಟ್ಟಣದ ಬೊಂಬೆ. ಆಲೆ ಮರದ ಮೇಲೆ ಹೊಳೆಯುವ ಆ ಬಣ್ಣ ಅರಗಿನದು. ಅರಗೂ ಒಂದು ಕೀಟದ ಸ್ರಾವವೇ, ಕೊಂಬೆಯಿಂದ ಕೆರೆದು ತೆಗೆಯುವಾಗ ಕೀಟವೂ ಅದರೊಡನೆ ಹೋಗುತ್ತದೆ. ಮಕ್ಕಳ ಕೈಗೆ ಕೊಡುವ ಗಿಲಕಿಯವರೆಗೂ ಇದು ಹಬ್ಬಿದೆ ಎಂದು ತಿಳಿದ ಮೇಲೆ ಸಿಟ್ಟು ಯಾರ ಮೇಲೆ ಎಂಬುದೇ ಉಳಿಯಲಿಲ್ಲ.

ಮೂರನೆಯ ಸಮಾಧಾನವನ್ನು ನಾನು ಮಾಗಡಿಯ ಕಡೆಯಿಂದ ತಂದುಕೊಂಡೆ. ಮಾಗಡಿ ತಾಲ್ಲೂಕಿನ ವೀರಾಪುರ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ ಊರು. ನಮ್ಮ ಕಡೆಯ ಹಿರಿಯರಿಗೆ ಯೋಗಿ ಎಂದರೆ ಇವತ್ತಿಗೂ ಕಣ್ಣ ಮುಂದೆ ಬರುವುದು ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ನೆಟ್ಟ ನೋಟದಲ್ಲಿ ಕೂತ ಆ ಸ್ವಾಮಿಗಳು. ರಾಮನಗರ ತಾಲ್ಲೂಕಿನ ಬಾನಂದೂರಿನಲ್ಲಿ ಹುಟ್ಟಿದವರು ಆದಿಚುಂಚನಗಿರಿಯ ಬಾಲಗಂಗಾಧರನಾಥ ಸ್ವಾಮಿಗಳು. ಅವರ ಮಠ ನಾಥ ಪಂಥದ್ದು, ಹಠಯೋಗವನ್ನು ಹೇಳಿಕೊಟ್ಟ ಮತ್ಸ್ಯೇಂದ್ರ, ಗೋರಕ್ಷರ ಪರಂಪರೆ. ಇಷ್ಟಲಿಂಗದ ಶಿವಯೋಗ, ನಾಥರ ಹಠಯೋಗ, ಈ ಎರಡು ದಾರಿಗಳೂ ಕಸುಬಿನವರನ್ನು ಬಾಗಿಲಾಚೆ ನಿಲ್ಲಿಸಲಿಲ್ಲ. ಶಿವಯೋಗ ಹೇಳಿದ ಶರಣರ ನಡುವೆ ಚರ್ಮದ ಕೆಲಸದ ಹರಳಯ್ಯ ಇದ್ದರು, ಮಾದಾರ ಚೆನ್ನಯ್ಯ ಇದ್ದರು. ಹಾಗಾದರೆ ನೂಲು ಬಿಚ್ಚುವವರಿಗೂ ಜಾಗ ಇದೆ ಎಂದು ನಂಬಿದೆ, ಈಗಲೂ ನಂಬುತ್ತೇನೆ. ಆದರೆ ಹರಳಯ್ಯನ ಹೆಸರು ಹೇಳಿ ನನ್ನ ಪ್ರಶ್ನೆಯನ್ನು ಮುಚ್ಚಿಡುವುದು ಸರಿಯಲ್ಲ ಎಂದು ಅದೇ ನಂಬಿಕೆ ಹೇಳುತ್ತದೆ. ಆ ಶರಣರು ಕಾಯಕದ ಹೆಸರಿನಲ್ಲಿ ಕಣ್ಣು ಮುಚ್ಚಿಕೊಂಡವರಲ್ಲ.

ಗೂಡಿನಿಂದ ಪತಂಗ ಹೊರಬಿದ್ದ ಮೇಲೆ ನೂಲುವ ಅಹಿಂಸಾ ರೇಷ್ಮೆ ಎಂಬುದೂ ಇದೆ. ಅದರ ಎಳೆ ತುಂಡು ತುಂಡು, ಹತ್ತಿಯಂತೆ ನೂಲಬೇಕು, ಬಟ್ಟೆಗೆ ಆ ಹೊಳಪಿಲ್ಲ. ನಮ್ಮೂರಿನ ಹರಾಜು ಅದರ ಮೇಲೆ ನಿಲ್ಲುವಂಥದ್ದಲ್ಲ.

ನಾನು ಅಭ್ಯಾಸಕ್ಕೆಂದು ನಡೆಸುವ ಸಂಜೆಯ ತರಗತಿಗೆ ಶೆಡ್ಡಿನ ಕೆಲಸ ಮುಗಿಸಿದ ಹೆಂಗಸರೂ ಬರುತ್ತಾರೆ. ಒಬ್ಬರಿಗೆ ಚಿನ್ಮುದ್ರೆ ಹೇಳಿಕೊಡುವಾಗ ಅವರ ಹೆಬ್ಬೆರಳು ತೋರುಬೆರಳು ಕೂಡಿಸಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಬೆರಳ ತುದಿಗಳು ಬೆಳ್ಳಗೆ ಬೆಂದು ಸುಕ್ಕಾಗಿದ್ದವು, ಉಗುರಿನ ಸಂದಿ ಬಿರಿದಿತ್ತು. ದಿನವಿಡೀ ಬಿಸಿನೀರಿನಲ್ಲಿ ತುದಿ ಹುಡುಕುವ ಬೆರಳುಗಳು. ನಾನು ಅಂಗೈ ತೊಡೆಯ ಮೇಲೆ ಸುಮ್ಮನೆ ಇಡಿ ಎಂದೆ. ತರಗತಿ ಮುಗಿದ ಮೇಲೆ ಅವರು ಹೋಗದೆ ನಿಂತರು.

“ಅಕ್ಕ, ನಾವು ಹೊಟ್ಟೆಪಾಡಿಗೆ ದಿನಾ ಗೂಡು ಬೇಯ್ಸೋರು. ನಮ್ಮಂಥೋರು ಧ್ಯಾನಕ್ಕೆ ಕೂತ್ರೆ ಸಲ್ತದಾ?”

“ಸಲ್ಲುತ್ತೆ ಕಣಕ್ಕ” ಎಂದೆ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಅಹಿಂಸೆಯ ಪಕ್ಕದಲ್ಲೇ ಸತ್ಯ ಇದೆ. ನನ್ನ ತವರು ಹುಳು ಸಾಕುವ ಮನೆ, ನಾನು ಕಲಿತದ್ದು ಆ ದುಡ್ಡಿನಲ್ಲಿ, ನೀವು ಕೇಳಿದ್ದನ್ನೇ ನಾನೂ ಕೇಳಿಕೊಳ್ಳುತ್ತಿದ್ದೇನೆ ಎಂದು ಹೇಳಿದೆ. ಮೀನುಗಾರನ ಮಾತನ್ನೂ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, “ಹಂಗಾರೆ ನಮ್ಮದೂ ಲೆಕ್ಕಕ್ಕೆ ಅದೆ ಅನ್ನಿ” ಎಂದರು.

ಅಂದಿನಿಂದ ನನ್ನ ತರಗತಿಯಲ್ಲಿ ಮಾತಿನ ರೀತಿ ಬದಲಾಗಿದೆ. ಯಮ ಹೇಳುವ ದಿನ ಮೊದಲು ನನ್ನ ಮನೆಯ ಕಸುಬು ಹೇಳುತ್ತೇನೆ. ಮಹಾವ್ರತ ನನ್ನದಲ್ಲ, ಎಲ್ಲೆ ಇರುವ ವ್ರತ ನನ್ನದು, ಅದರ ಎಲ್ಲೆ ಇಂಥಲ್ಲಿದೆ ಎಂದು ಹೇಳುತ್ತೇನೆ. ನನಗೆಂದು ಹೊಸ ರೇಷ್ಮೆ ಕೊಳ್ಳುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೇನೆ. ಉಟ್ಟವರನ್ನು ನೋಡಿ ಮುಖ ತಿರುಗಿಸುವುದಿಲ್ಲ ಎಂಬುದೂ ಅದರ ಜೊತೆಗಿದೆ, ಎರಡನೆಯದು ಹೆಚ್ಚು ಕಷ್ಟ. ಹಬೆ ಕುಡಿದು ಕೆಮ್ಮುವ ಎದೆಗೆ ಕಪಾಲಭಾತಿ ಹೇಳುವುದಿಲ್ಲ, ನಿಧಾನ ಉಸಿರು ಸಾಕು. ತೊಟ್ಟಿಯ ಮುಂದೆ ಬಗ್ಗಿಯೇ ದಿನ ಕಳೆದ ಬೆನ್ನಿಗೆ ಮುಂದೆ ಬಗ್ಗುವ ಆಸನ ಮೊದಲು ಕೊಡುವುದಿಲ್ಲ. ಕಲಿಯುವವರ ದೇಹ, ವಯಸ್ಸು, ಕೆಲಸ ನೋಡಿ ಕಲಿಸಬೇಕು ಎಂಬ ಕೃಷ್ಣಮಾಚಾರ್ಯರ ದಾರಿ ನನಗೆ ತಿಳಿದದ್ದು ಈ ಹೆಂಗಸರಿಂದ.

ತವರೂರಿನಲ್ಲಿ ಕಲಿಸುವುದರದ್ದು ಬೇರೆ ಲೆಕ್ಕ. ಅವ್ವನಿಗೆ ಮಂಡಿ ನೋವು. ಕಲಿಯವ್ವ ಎಂದರೆ “ಈ ಬೆಳೆ ಇಳೀಲಿ ತಡಿ” ಅನ್ನುತ್ತಾಳೆ. ಒಂದು ಬೆಳೆ ಇಳಿದರೆ ಇನ್ನೊಂದಕ್ಕೆ ಚಾಕಿ ಹುಳು, ಅಂದರೆ ಎಳೆಯ ಹುಳು, ಬಂದಿರುತ್ತದೆ. ದೀರ್ಘಕಾಲ, ನಡುವೆ ಬಿಡದೆ, ಆದರದಿಂದ ಮಾಡಿದ ಅಭ್ಯಾಸವೇ ಗಟ್ಟಿ ಎಂದು ಪತಂಜಲಿ ಹೇಳಿದ್ದನ್ನು ಹುಳು ಮೇಯಿಸುವ ಮನೆಯಲ್ಲಿ ಹೇಗೆ ನಡೆಸುವುದು? ಬಿಡುವು ಎಲ್ಲಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಜ್ವರದ ದಿನ. ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು, ತಲೆ ಎತ್ತಿ, ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಕೂರುತ್ತದೆ. ಅದನ್ನೇ ನಾವು ಜ್ವರಕ್ಕೆ ಕೂತಿದೆ ಅನ್ನುವುದು. ಆಗ ಸೊಪ್ಪು ಹಾಕುವಂತಿಲ್ಲ, ಸುಣ್ಣದ ಪುಡಿ ಉದುರಿಸಿ ತಟ್ಟೆ ಒಣಗಿರುವಂತೆ ನೋಡಿಕೊಂಡರೆ ಆಯಿತು. ಹೆಂಗಸರ ಕೈ ಖಾಲಿ ಇರುವುದು ಆ ಒಂದು ದಿನ. ನಮ್ಮ ಓಣಿಯ ಮನೆಗಳಿಗೆ ಚಾಕಿ ಬರುವುದು ಹೆಚ್ಚುಕಡಿಮೆ ಒಂದೇ ದಿನವಾದ್ದರಿಂದ ಜ್ವರವೂ ಒಟ್ಟಿಗೇ ಬೀಳುತ್ತದೆ. ಮೂರನೇ ಜ್ವರಕ್ಕೊಂದು, ನಾಲ್ಕನೇ ಜ್ವರಕ್ಕೊಂದು ತರಗತಿ ಎಂದು ಗೊತ್ತು ಮಾಡಿದೆವು. ಅವ್ವ, ಪಕ್ಕದ ಮನೆಯ ದೊಡ್ಡಮ್ಮ, ಇನ್ನೂ ನಾಲ್ಕೈದು ಜನ ಜಗುಲಿಯ ಮೇಲೆ ಚಾಪೆ ಹಾಸಿಕೊಂಡು ಬರುತ್ತಾರೆ. ನಡುವಿನ ದಿನಗಳಿಗೆ ಗೋಡೆ ಹಿಡಿದು ಮಾಡುವ ಎರಡು ಆಸನ, ಮಲಗುವ ಮುನ್ನ ಸ್ವಲ್ಪ ಹೊತ್ತು ಉಸಿರಿನ ಮೇಲೆ ಗಮನ.

ನಾಲ್ಕನೇ ಜ್ವರ ಎದ್ದ ಮೇಲಿನ ವಾರ ಹುಳುವಿಗೆ ಹಸಿವೋ ಹಸಿವು. ಸಾಕಿದಷ್ಟೂ ಸೊಪ್ಪಿನಲ್ಲಿ ಬಹುಪಾಲು ತಿನ್ನುವುದು ಆ ವಾರವೇ. ಆಗ ತರಗತಿ ಇಲ್ಲ, ನಾನೂ ಸೊಪ್ಪು ಕೊಯ್ಯಲು ಹೋಗುತ್ತೇನೆ. ಮಾಡಿದ್ದು, ಮಾಡಿಸಿದ್ದು, ಒಪ್ಪಿದ್ದು, ಈ ಮೂರರಲ್ಲಿ ನನ್ನ ಪಾಲು ಯಾವುದು ಎಂದು ಆಗ ಹುಡುಕುವುದಿಲ್ಲ. ಮೂರರಲ್ಲೂ ಇದೆ ಎಂದು ಗೊತ್ತಿದ್ದೇ ಹೋಗುತ್ತೇನೆ.