ಹನ್ನೊಂದನೇ ಮಹಡಿಯಿಂದ ಇಳಿಯುವ ದಾರಿ

1879ರಲ್ಲಿ ಅಮೆರಿಕದ ಬೆಂಜಮಿನ್ ಒಪನ್‌ಹೈಮರ್ ಎಂಬಾತ ಒಂದು ವಿಚಿತ್ರ ಸಾಧನಕ್ಕೆ ಪೇಟೆಂಟ್ ಪಡೆದ. ತಲೆಗೆ ಕಟ್ಟಿಕೊಳ್ಳುವ ಪ್ಯಾರಾಚೂಟು, ಕಾಲಿಗೆ ದಪ್ಪನೆಯ ಮೆತ್ತನೆ ಅಟ್ಟೆಯ ಬೂಟು. ಕಟ್ಟಡಕ್ಕೆ ಬೆಂಕಿ ಬಿದ್ದರೆ ಇವೆರಡನ್ನೂ ತೊಟ್ಟು ಕಿಟಕಿಯಿಂದ ಧುಮುಕುವುದು! ಇದನ್ನು ಹೇಳಿದಾಗ ನನ್ನ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ, "ಅಜ್ಜಿ, ಕತ್ತು ಉಳಿಯುತ್ತಾ?" ಎಂದು ಕೇಳಿದಳು.

ಎತ್ತರಕ್ಕೆ ಕಟ್ಟಲು ಕಲಿತ ಮನುಷ್ಯ ಅಲ್ಲಿಂದ ಪಾರಾಗಿ ಇಳಿಯಲು ಪಟ್ಟ ಪಾಡು ಅಷ್ಟಿಷ್ಟಲ್ಲ. 1887ರಲ್ಲಿ ಆನಾ ಕಾನೆಲಿ ಎಂಬ ಮಹಿಳೆ, ಒಂದು ತಾರಸಿಯಿಂದ ಪಕ್ಕದ ತಾರಸಿಗೆ ದಾಟಿಸುವ ಸೇತುವೆಗೆ ಪೇಟೆಂಟ್ ಪಡೆದರು. ಹಗ್ಗದ ಏಣಿ, ಒಳಗೆ ಜಾರಿ ಇಳಿಯುವ ಬಟ್ಟೆಯ ಕೊಳವೆ, ಸೊಂಟಕ್ಕೆ ಪಟ್ಟಿ ಬಿಗಿದು ನಿಧಾನಕ್ಕೆ ಇಳಿಸುವ ಯಂತ್ರ, ಎಲ್ಲವೂ ಬಂದವು. ಆದರೂ ನಾವು ಇಂದಿಗೂ ನಂಬಬೇಕಾದದ್ದು ಮೆಟ್ಟಿಲನ್ನೇ.

ಆ ಮೆಟ್ಟಿಲಿನ ದಾರಿ ತೆರೆದಿರದಿದ್ದರೆ ಏನಾಗುತ್ತದೆ? 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಕಾರ್ಖಾನೆ ಇದ್ದದ್ದು ಎಂಟು, ಒಂಬತ್ತು, ಹತ್ತನೇ ಮಹಡಿಗಳಲ್ಲಿ. ಒಂಬತ್ತನೇ ಮಹಡಿಯಲ್ಲಿ ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಹೊರಗೋಡೆಯ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕರ ಏಣಿ ಅಷ್ಟು ಎತ್ತರಕ್ಕೆ ಮುಟ್ಟಲಿಲ್ಲ. 146 ಜನ ಸತ್ತರು. ಹೆಚ್ಚಿನವರು ಹೊಲಿಗೆ ಕೆಲಸಕ್ಕೆ ಬಂದಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು.

ನಮ್ಮ ಬೆಂಗಳೂರೂ ಈ ಸಂಕಟ ಕಂಡಿದೆ. 2010ರ ಫೆಬ್ರುವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಹೊತ್ತಿಕೊಂಡಿತು. ಮೇಲಿನ ಮಹಡಿಗಳಲ್ಲಿ ದಟ್ಟ ಹೊಗೆ ತುಂಬಿತು. ಉಸಿರುಗಟ್ಟಿದವರಲ್ಲಿ ಕೆಲವರು ಕಿಟಕಿಯಿಂದ ಹಾರಿದರು. ಒಂಬತ್ತು ಜನ ತೀರಿಕೊಂಡರು.

ಹೊಗೆ ಯಾವತ್ತೂ ಮೇಲಕ್ಕೇ ಏರುತ್ತದೆ. ಹಳ್ಳಿಮನೆಯಲ್ಲಿ ಒಲೆ ಹೊಗೆಯಾಡಿದರೆ ಅದು ಗವಾಕ್ಷಿಯ ದಾರಿ ಹಿಡಿಯುತ್ತಿತ್ತಲ್ಲ, ಹಾಗೆ. ಎತ್ತರದ ಕಟ್ಟಡದಲ್ಲಿ ಮೆಟ್ಟಿಲಿನ ಬಾಗಿಲು ತೆರೆದಿಟ್ಟರೆ ಮೆಟ್ಟಿಲ ಓಣಿಯೇ ಗವಾಕ್ಷಿಯಾಗಿಬಿಡುತ್ತದೆ. ಅದಕ್ಕೇ ಅಲ್ಲಿ ತಾನಾಗಿ ಮುಚ್ಚಿಕೊಳ್ಳುವ, ಬೆಂಕಿ ತಡೆಯುವ ಬಾಗಿಲು ಇಟ್ಟಿರುತ್ತಾರೆ. ಅದಕ್ಕೆ ಬೀಗ ಹಾಕಬಾರದು, ತೆರೆದೂ ಇಡಬಾರದು.

ನಾವಿರುವುದು ಹನ್ನೊಂದನೇ ಮಹಡಿ. ನಮ್ಮಲ್ಲಿ ಆ ಬಾಗಿಲಿಗೆ ಯಾರೋ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು, ಗಾಳಿ ಬರಲೆಂದು. ಮೆಟ್ಟಿಲ ತಿರುವಿನಲ್ಲಿ ಚಪ್ಪಲಿ ಗೂಡು, ಹಳೆ ಸೈಕಲ್ಲು, ಹೂಕುಂಡ. ಹೋದ ವರ್ಷ ಸಂಘದವರು ಅಣಕು ಕಾರ್ಯಾಚರಣೆ ಮಾಡುತ್ತೇವೆ, ಯಾರೂ ಲಿಫ್ಟ್ ಹತ್ತಬಾರದು ಎಂದರು. ಆಗ ಮೊಮ್ಮಗಳು ನನ್ನ ಮಂಡಿಯನ್ನೇ ನೋಡಿ ಕೇಳಿದಳು: "ಹಾಗಾದ್ರೆ ನೀನು ಹೇಗೆ ಇಳೀತೀಯ ಅಜ್ಜಿ?"

ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಎಪ್ಪತ್ತು ದಾಟಿದ ನನ್ನಂಥವರಿರುವ ಎಲ್ಲ ಮನೆಗಳ ಪ್ರಶ್ನೆ ಅದು.

ಅದಕ್ಕೆ ಒಂದು ಉತ್ತರ ನ್ಯೂಯಾರ್ಕಿನಲ್ಲಿದೆ. ಅಲ್ಲಿನ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ 1993ರಲ್ಲಿ ಬಾಂಬ್ ಸಿಡಿದಾಗ, ಗಾಲಿಕುರ್ಚಿಯಲ್ಲಿದ್ದ ಒಬ್ಬ ಉದ್ಯೋಗಿಯನ್ನು ಕೆಳಗೆ ತರಲು ಸುಮಾರು ಆರು ಗಂಟೆ ಹಿಡಿಯಿತು. ಆಮೇಲೆ ಮೆಟ್ಟಿಲ ಮೇಲೆ ಜಾರಿಸಿಕೊಂಡು ಇಳಿಸುವ ಕುರ್ಚಿಗಳನ್ನು ತರಿಸಿಟ್ಟರು. 2001ರ ಸೆಪ್ಟೆಂಬರ್ 11ರಂದು ಅದೇ ಉದ್ಯೋಗಿಯನ್ನು ಹತ್ತು ಜನ ಸಹೋದ್ಯೋಗಿಗಳು ಅಂಥ ಕುರ್ಚಿಯಲ್ಲಿ ಕೂರಿಸಿ, ಸುಮಾರು ಒಂದೂವರೆ ಗಂಟೆಯಲ್ಲಿ 69ನೇ ಮಹಡಿಯಿಂದ ಇಳಿಸಿದರು. ಕಟ್ಟಡ ಕುಸಿಯುವ ಮೊದಲೇ ಅವರೆಲ್ಲ ಹೊರಗಿದ್ದರು. ಕುರ್ಚಿ ಇತ್ತು ನಿಜ, ಬಿಟ್ಟುಹೋಗದ ಹತ್ತು ಜನರೂ ಇದ್ದರು.

ನಮ್ಮ ಸಂಘ ಇನ್ನೂ ಆ ಕುರ್ಚಿ ತರಿಸಿಲ್ಲ, ಚರ್ಚೆಯಲ್ಲಿದೆ. ಆದರೆ ಪಕ್ಕದ ಮನೆಯ ಹುಡುಗರಿಬ್ಬರು, "ಅಜ್ಜಿ, ನಿಮ್ಮ ಜವಾಬ್ದಾರಿ ನಮ್ಮದು" ಎಂದಿದ್ದಾರೆ. ಕಾರ್ಯಾಚರಣೆಯ ದಿನ ಒಬ್ಬ ಮುಂದೆ, ಒಬ್ಬ ಪಕ್ಕದಲ್ಲಿ. ನಾನು ಕಟಕಟೆ ಹಿಡಿದು ಇಳಿದೆ. ಏಳನೇ ಮಹಡಿಯಲ್ಲಿ ನಮ್ಮ ಕಟ್ಟಡದ ಆಶ್ರಯ ತಾಣವಿದೆ. ಹೊರಗಾಳಿಗೆ ತೆರೆದಿರುವ ಈ ಜಾಗದಲ್ಲಿ ಇಳಿಯಲಾಗದವರು ಸಹಾಯ ಬರುವವರೆಗೆ ಕಾಯಬಹುದು. ಅಲ್ಲಿ ಕೂತು ನೀರು ಕುಡಿದು ಮತ್ತೆ ಇಳಿದೆ. ಇಪ್ಪತ್ತೆರಡು ನಿಮಿಷವಾಯಿತು. ಮಾರನೆಯ ದಿನ ಮೊಮ್ಮಗಳು ಮನೆಮನೆಗೆ ಹೋಗಿ, "ನಮ್ಮಜ್ಜಿ ಬರೋ ದಾರಿ, ಸೈಕಲ್ ತೆಗೀತೀರಾ?" ಎಂದಳು. ಇಟ್ಟಿಗೆಯೂ ಹೋಯಿತು.

ಮಕ್ಕಳೇ, ನೀವೂ ಈ ಭಾನುವಾರ ಅಜ್ಜ ಅಜ್ಜಿಯ ಜೊತೆ ನಿಮ್ಮ ಮೆಟ್ಟಿಲನ್ನು ಒಮ್ಮೆ ನೋಡಿಬನ್ನಿ. ಹೊಗೆ ಕಂಡರೆ ಬಗ್ಗಿ ನಡೆಯಿರಿ, ಲಿಫ್ಟ್ ಹತ್ತಬೇಡಿ. ಮೆಟ್ಟಿಲಲ್ಲೇ ಹೊಗೆ ತುಂಬಿದ್ದರೆ ಮನೆಯೊಳಗೆ ಬಂದು ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯ ಬಳಿ ನಿಂತು ಬಟ್ಟೆ ಬೀಸಿ ಕರೆಯಿರಿ. 101 ಅಥವಾ 112ಕ್ಕೆ ಫೋನ್ ಮಾಡಿ, ಮೊದಲು ನಿಮ್ಮ ಮಹಡಿ ಎಷ್ಟನೆಯದೆಂದು ಹೇಳಿ. ಮನೆಯಲ್ಲಿ ನಡೆಯಲಾಗದವರು ಇದ್ದರೆ ಅದನ್ನೂ ಹೇಳಿ.