ಸೊಸೆಯ ಹೊಸ ಡ್ರೈವರ್

"ಅವ್ವಾ, ನಿನ್ನ ಸೊಸಿಗೆ ಹೊಸಾ ಡ್ರೈವರ್ ತಂದೀನಿ" ಎಂದು ಬೆಂಗಳೂರಿನಿಂದ ಮಗ ಫೋನು ಮಾಡಿದಾಗ ನಾನು ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದೆ. ಸಹಾಯಕ್ಕೆ ಬಂದಿದ್ದ ನೆರೆಮನೆಯ ಕಾಕೂಗೂ ಅವನ ಮಾತು ಕೇಳಿಸಿತು.

"ಯಾವೂರಾಂವ? ಪಗಾರ ಎಷ್ಟು? ಕುಡಿಯೂ ಚಟಾ ಗಿಟಾ ಇಲ್ಲಲಾ?" ಎಂದು ಒಂದೇ ಉಸುರಿಗೆ ಕೇಳಿದೆ. ಮೊಮ್ಮಕ್ಕಳನ್ನು ಸಾಲಿಗೆ ಬಿಡುವವನು ಅಂದರೆ ವಿಚಾರಿಸಬೇಡವೇ?

ಮಗ ಬಿದ್ದು ಬಿದ್ದು ನಕ್ಕ. "ಡ್ರೈವರ್ ಅಂದ್ರ ಮನಶ್ಯಾ ಅಲ್ಲವ್ವಾ. ಗಾಲ್ಫ್ ಆಡೂ ಕೋಲು. ಅಕಿ ಹುಟ್ಟಿದಹಬ್ಬಕ್ಕ ತಂದೀನಿ."

"ಕೋಲಿಗೆ ಎಷ್ಟು ಕೊಟ್ಟಿ?"

"ಐವತ್ತು ಸಾವಿರಕ್ಕ ಸ್ವಲ್ಪ ಕಡಿಮಿ."

ಸಂಡಿಗೆ ಹಿಟ್ಟು ನನ್ನ ಕೈಯಲ್ಲೇ ಒಣಗಿತು. ಅಷ್ಟು ರೊಕ್ಕಕ್ಕೆ ಕೈಮಗ್ಗದ ಒಳ್ಳೇ ಸೀರೆ ಎಷ್ಟು ಬರುತ್ತವೆ ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕತೊಡಗಿತು. ಕಾಕೂ ಮಾತ್ರ ನಿಟ್ಟುಸಿರು ಬಿಟ್ಟು, "ಕೋಲಿಗೇ ಅಷ್ಟಾದ್ರ ಇನ್ನ ಮನಶ್ಯಾಗ ಎಷ್ಟು ಕೊಡ್ತಾರೋ!" ಅಂದರು.

ನಗಬೇಡಿ ಸೋದರಿಯರೇ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಬಾಳುವೆ ಮಾಡಿದ ನನ್ನಂಥವಳಿಗೆ ಗಾಲ್ಫ್ ಎಂದರೆ ಟೀವಿಯಲ್ಲಿ ಒಮ್ಮೊಮ್ಮೆ ಕಾಣುವ ಹಸಿರು ಹುಲ್ಲು, ಬಿಳಿ ಟೊಪ್ಪಿಗೆ, ಅಷ್ಟೆ. ಆದರೆ ಆ ಕೋಲಿನ ದೆಸೆಯಿಂದ ನಾನು ಸೊಸೆಯನ್ನು ಅರಿತೆ, ನಲವತ್ತು ವರ್ಷದ ಹಿಂದಿನ ನನ್ನನ್ನೂ ಒಮ್ಮೆ ತಿರುಗಿ ನೋಡಿಕೊಂಡೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಸೊಸೆ ಮೈಸೂರಿನವಳು. ಅಲ್ಲಿಯ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿಗೆ ಅವಳಪ್ಪ ಭಾನುವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದರಂತೆ. ಅಪ್ಪ ತೀರಿಕೊಂಡ ಮೇಲೂ ಅವಳು ಆಟ ಬಿಡಲಿಲ್ಲ. ಆದರೆ ಎರಡನೇ ಹೆರಿಗೆ ಆಪರೇಷನ್ ಆಗಿ, ಕೂಸು, ಕಚೇರಿ ಎಂದು ಮೂರು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಈಗ ಮತ್ತೆ ಶುರು ಮಾಡಲಿ ಎಂದು ಮಗ ತಂದ ಉಡುಗೊರೆ ಅದು. ಅವನಿಗೆ ಆಟ ಗೊತ್ತಿಲ್ಲ. ಕಚೇರಿಯಲ್ಲಿ ಬಹಳ ದೂರ ಹೊಡೆಯುವ ಗೆಳೆಯನೊಬ್ಬನನ್ನು ಕೇಳಿ, ಅವನು ಹೇಳಿದ್ದನ್ನೇ ತಂದಿದ್ದ.

ಬೇಸಿಗೆ ರಜೆಗೆ ನಾನು ಬೆಂಗಳೂರಿಗೆ ಹೋದಾಗ ಆ ಕೋಲು ಬಾಗಿಲ ಹಿಂದೆ ನಿಂತಿತ್ತು, ಮುಸುಕು ಹಾಕಿಕೊಂಡು. ಭಾನುವಾರ ಸೊಸೆಯ ಜೊತೆ ಅಭ್ಯಾಸದ ಮೈದಾನಕ್ಕೆ ನಾನೂ ಹೋದೆ. ಒಂದು ಬುಟ್ಟಿ ಚೆಂಡು ಕೊಡುತ್ತಾರೆ. ಸಾಲಾಗಿ ನಿಂತು ಹೊಡೆಯುತ್ತಾ ಇರುವುದು. ಚೆಂಡು 46 ಗ್ರಾಂ ತೂಕ, ನಮ್ಮ ಕೋಳಿಮೊಟ್ಟೆಗಿಂತ ಹಗುರ. ಆಟಗಾರರು ಚೀಲದಲ್ಲಿ 14 ಕೋಲುಗಳವರೆಗೆ ಇಟ್ಟುಕೊಳ್ಳಬಹುದು. ಅವುಗಳಲ್ಲಿ ಎಲ್ಲಕ್ಕಿಂತ ಉದ್ದನೆಯದು ಡ್ರೈವರ್. ಮೊದಲ ಏಟಿಗೆ, ದೂರ ಕಳಿಸುವುದಕ್ಕೆ. ಅದರ ತಲೆ ಹಿಂದೆ ಗಟ್ಟಿ ಕಟ್ಟಿಗೆಯದಿರುತ್ತಿತ್ತು. ಅದಕ್ಕೇ ಆ ಜಾತಿಯ ಕೋಲುಗಳಿಗೆ ಇಂದಿಗೂ 'ವುಡ್' ಎನ್ನುತ್ತಾರೆ. ಈಗ ಟೈಟಾನಿಯಂ ಲೋಹ, ಒಳಗೆ ಟೊಳ್ಳು. ಅದರ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದೆಂಬ ನಿಯಮವಿದೆ. ಹೆಚ್ಚೂ ಕಡಿಮೆ ಅರ್ಧ ಲೀಟರಿನ ತಂಬಿಗೆ ಅನ್ನಿ.

ಸೊಸೆ ಹೊಡೆದಳು. ಚೆಂಡು ಮೇಲೇಳದೆ ಬಲಕ್ಕೆ ಓಡಿತು. ಮತ್ತೊಂದು, ಅದೂ ಹಾಗೇ. ಇಪ್ಪತ್ತು ಚೆಂಡು ಆಗುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಕೂತಳು. ಪಕ್ಕದಲ್ಲಿ ಹೊಡೆಯುತ್ತಿದ್ದವರು ನೋಡಿಯೂ ನೋಡದವರಂತೆ ಇದ್ದರು. ಅದು ಇನ್ನೂ ಕಷ್ಟ.

"ಬಿಟ್ಟುಬಿಡ್ತೀನಿ ಅತ್ತೆ" ಅಂದಳು. "ಎರಡು ತಿಂಗಳಿಂದ ಹೀಗೇ. ಇಷ್ಟು ದುಡ್ಡು ಹಾಕಿ ತಂದುಕೊಟ್ಟಿದ್ದಾರೆ, ಇನ್ನೇನು ಬೇಕು? ನನ್ನ ಕೈಲೇ ಇಲ್ಲ. ಅಪ್ಪನ ಜೊತೆ ಅದೂ ಹೋಯ್ತು ಅಂದ್ಕೋತೀನಿ."

'ನನ್ನ ಕೈಲೇ ಇಲ್ಲ' ಎಂಬ ಆ ಮಾತು ನನಗೆ ಎಲ್ಲೋ ಚುಚ್ಚಿತು. ಅದು ನನ್ನದೇ ಮಾತು.

1981ರಲ್ಲಿ ಮದುವೆಯಾಗಿ ನಾನು ಆ ಮನೆಗೆ ಬಂದೆ. ನಡುಮನೆಯಲ್ಲಿ ಕುಣಿ ಮಗ್ಗ. ನೆಲದ ಅಂಚಿಗೆ ಕೂತು, ಕುಣಿಯಲ್ಲಿ ಕಾಲು ಇಳಿಬಿಟ್ಟು, ಕಾಲಿನಲ್ಲಿ ಹಲಗೆ ತುಳಿಯುತ್ತಾ ಕೈಯಲ್ಲಿ ಲಾಳಿ ಓಡಿಸಬೇಕು. ನಮ್ಮ ಅತ್ತೆಯವರು ಎತ್ತರದ ಹೆಣ್ಣುಮಗಳು; ಆ ಮಗ್ಗದ ಮೇಲೆ ಅವರು ನೇಯ್ದ ಸೀರೆಯ ದಡಿ ಗೆರೆ ಎಳೆದಂತೆ ಇರುತ್ತಿತ್ತು. ನಾನು ಕುಳ್ಳಿ. ಹಲಗೆಗೆ ನನ್ನ ತುದಿಗಾಲು ಮಾತ್ರ ತಾಕುತ್ತಿತ್ತು. ತುಳಿಯಲು ಜಗ್ಗಿದರೆ ಮೈ ಓರೆಯಾಗುತ್ತಿತ್ತು, ಮೈ ಓರೆಯಾದರೆ ಕೈ ಓರೆ, ಕೈ ಓರೆಯಾದರೆ ದಡಿ ಸೊಟ್ಟ. "ಈಕಿ ಕೈಯಾಗ ಗುಣಾ ಇಲ್ಲ" ಎಂದು ಅತ್ತೆ ಬಂದವರ ಮುಂದೆಲ್ಲ ಅಂದರು. ನಾನೂ ನಂಬಿದೆ. ಒಂದೂವರೆ ವರ್ಷ ಬರೀ ಕಂಡಿಕೆ ಸುತ್ತುತ್ತಾ ಮೂಲೆಯಲ್ಲಿ ಕೂತೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅತ್ತಿದ್ದೂ ಉಂಟು.

ಒಂದು ದಿನ ಮಗ್ಗದ ಏನೋ ರಿಪೇರಿಗೆಂದು ಓಣಿಯ ಹಿರಿಯರೊಬ್ಬರು ಬಂದರು. ನಾನು ಕೂತದ್ದನ್ನು ನೋಡಿ, "ಮಗ್ಗ ಈ ಹುಡಿಗಿ ಅಳತೀಗೆ ಇಲ್ಲಲ್ಲವ್ವಾ" ಅಂದರು. ಅಷ್ಟೆ. ಹಲಗೆಯ ಹಗ್ಗ ನಾಲ್ಕು ಬೆರಳು ಗಿಡ್ಡ ಮಾಡಿ ಕಟ್ಟಿದರು, ಕೂಡುವ ಮಣೆ ಮುಂದೆ ಸರಿಸಿದರು. ಅರ್ಧ ತಾಸಿನ ಕೆಲಸ. ಮುಂದಿನ ನಾಗಪಂಚಮಿಗೆ ತವರಿಗೆ ಹೊರಟಾಗ ಅತ್ತೆಯವರು ನಾನು ನೇಯ್ದ ಸೀರೆಯನ್ನೇ ತಂದು ಕೈಗಿಟ್ಟು, "ಇದನ್ನ ಉಟಗೊಂಡ ಹೋಗು" ಅಂದರು. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನನಗೂ ಬೇಕಿರಲಿಲ್ಲ.

ಇದನ್ನೆಲ್ಲ ಅಲ್ಲೇ ಬೆಂಚಿನ ಮೇಲೆ ಕೂತು ಸೊಸೆಗೆ ಹೇಳಿದೆ. "ಏನವ್ವಾ, ಈ ಕೋಲು ನಿನ್ನ ಅಳತೀಗೆ ಐತಿ ಅಂತ ಯಾರರೆ ನೋಡ್ಯಾರೇನು?" ಎಂದು ಕೇಳಿದೆ. ಅವಳು ಸುಮ್ಮನೆ ನನ್ನ ಮುಖ ನೋಡಿದಳು.

ಮುಂದಿನ ಶನಿವಾರ ಕೋಲು ಅಳತೆ ಮಾಡಿಕೊಡುವ ಅಂಗಡಿಗೆ ಹೋದೆವು. ಹಾಗೆ ಅಳೆಯುವವರಿದ್ದಾರೆಂಬುದೇ ನನಗೆ ಹೊಸದು. ಚೊಕ್ಕ ಹುಡುಗನೊಬ್ಬ ಮೊದಲು ಕೋಲಿನ ಮುಖಕ್ಕೆ ಪೌಡರು ಹಚ್ಚಿದ. "ಯಾಕಪ್ಪಾ, ಇದನ್ನೂ ಮದವಿ ಮಾಡಿ ಕೊಡ್ತೀಯೇನು?" ಅಂದೆ. ಅವನೂ ನಕ್ಕ. ಚೆಂಡು ಎಲ್ಲಿ ತಾಕಿತೋ ಅಲ್ಲಿ ಗುರುತು ಬೀಳುತ್ತದೆ. ಹತ್ತು ಏಟಿನಲ್ಲಿ ಎರಡೇ ನಡುವೆ. ಉಳಿದವು ಆ ತುದಿ, ಈ ತುದಿ. ನಡುವೆ ತಾಕದಿದ್ದರೆ ಎಷ್ಟು ಬಲ ಹಾಕಿದರೂ ಅದು ಚೆಂಡಿಗೆ ಪೂರ್ತಿ ಸೇರುವುದಿಲ್ಲವಂತೆ.

ಚೆಂಡಿನ ವೇಗ, ಅದು ಮೇಲೇಳುವ ಓರೆ, ಗಾಳಿಯಲ್ಲಿ ತಿರುಗುವ ಬಗೆ, ಎಲ್ಲವನ್ನೂ ಅಳೆಯುವ ಯಂತ್ರ ಅಲ್ಲಿತ್ತು. ಸೊಸೆ ಬೀಸುವಾಗ ಕೋಲಿನ ತಲೆ ಗಂಟೆಗೆ 110 ಕಿಲೋಮೀಟರಿನಷ್ಟು ವೇಗ ಹೋಗುತ್ತಿತ್ತು. ಮಗ ತಂದ ಕೋಲೋ, 150 ದಾಟಿಸುವ ಗಂಡಸರಿಗೆಂದು ಮಾಡಿದ್ದು. ಅದರ ದಂಡ ಬಿರುಸು. ಬೀಸಿದಾಗ ದಂಡ ತುಸು ಬಾಗಿ ಹಿಂದಕ್ಕೆ ಬರಬೇಕು. ನಿಧಾನದ ಕೈಗೆ ಬಿರುಸು ದಂಡ ಬಾಗುವುದಿಲ್ಲ, ಚೆಂಡು ತಗ್ಗಿನಲ್ಲೇ ಬಲಕ್ಕೆ ಹೋಗುತ್ತದೆ. ಅದರ ಮುಖದ ಓರೆ, ಅವರು 'ಲಾಫ್ಟ್' ಅನ್ನುತ್ತಾರೆ, 9 ಡಿಗ್ರಿ ಇತ್ತು. ವೇಗ ಕಡಿಮೆಯಿದ್ದವರಿಗೆ ಓರೆ ಹೆಚ್ಚು ಬೇಕು, ಇಲ್ಲದಿದ್ದರೆ ಚೆಂಡು ಎದ್ದ ಹಾಗೆಯೇ ಬೀಳುತ್ತದೆ. ಸೊಸೆಗೆ 12 ಡಿಗ್ರಿ ಕೊಟ್ಟ. ದಂಡ ಮೆತ್ತನೆಯದು, ಹಗುರದ್ದು. ಉದ್ದವನ್ನು ನಲವತ್ತೈದೂವರೆ ಅಂಗುಲದಿಂದ ನಲವತ್ತಮೂರೂವರೆಗೆ ಇಳಿಸಿದ. ಗಿಡ್ಡ ಕೋಲು ಹತೋಟಿಗೆ ಸುಲಭ, ನಡುವೆ ತಾಕುವುದು ಹೆಚ್ಚು. ಹಿಡಿಯೂ ಸಣ್ಣದು.

ದಂಡದ ಮೇಲೆ ಹೆಂಗಸರದ್ದೆಂಬ ಗುರುತು 'ಎಲ್' ಇರುವುದನ್ನು ನೋಡಿ ಸೊಸೆಯ ಮುಖ ಸಣ್ಣಗಾಯಿತು. "ಅಪ್ಪ ಯಾವತ್ತೂ ನನಗೆ ಲೇಡೀಸ್ ಕೋಲು ಕೊಡಲಿಲ್ಲ" ಅಂದಳು. ಹುಡುಗ ಜಾಣ. "ಮೇಡಂ, ಈ ಅಕ್ಷರಗಳಿಗೆ ಎಲ್ಲ ಕಂಪನಿಗಳಿಗೂ ಒಂದೇ ಅಳತೆ ಅಂತ ಇಲ್ಲ. ಅದನ್ನು ನೋಡಬೇಡಿ, ಚೆಂಡನ್ನು ನೋಡಿ" ಅಂದ. ಹೊಡೆದಳು. ಪೌಡರಿನ ಗುರುತು ಕುಂಕುಮ ಇಟ್ಟ ಹಾಗೆ ನಟ್ಟನಡುವೆ. ಮೊದಲು 115 ಗಜ ಹಾರುತ್ತಿದ್ದ ಚೆಂಡು 135ರ ಸುತ್ತ ಬಿತ್ತು, ಅದೂ ನೆಟ್ಟಗೆ. ಕೊಂಡದ್ದು ಹಿಂದಿನ ವರ್ಷದ ಮಾದರಿ, ಮಗ ಕೊಟ್ಟದ್ದರ ಅರ್ಧ ಬೆಲೆ.

ಮನೆಯಲ್ಲಿ ಮಗನಿಗೆ ಕಸಿವಿಸಿಯಾಯಿತು. "ನಾ ಪ್ರೀತಿಲೆ ತಂದಿದ್ದೆ" ಎಂದು ಊಟ ಅರ್ಧಕ್ಕೆ ಬಿಟ್ಟ. "ಪ್ರೀತಿಲೆ ತಂದ ಚಪ್ಪಲಿ ಕಚ್ಚಿದ್ರೂ ನೋವು ಕಾಲಿಗೇ ಅಲ್ಲೇನಪಾ. ಚಪ್ಪಲಿ ತರೂ ಮುಂದ ಕಾಲು ಕೇಳಬೇಕು" ಅಂದೆ. ಮರುದಿನ ಅವನೇ ಆ ಕೋಲನ್ನು ಸಲಹೆ ಕೊಟ್ಟ ಗೆಳೆಯನಿಗೆ ಮಾರಿ ಬಂದ. ಹನ್ನೆರಡು ಸಾವಿರ ಕೈಬಿಟ್ಟಿತು. ಕಲಿತ ಪಾಠದ ಫೀಸು ಎಂದುಕೊಂಡೆವು.

ಹೊಸ ಕೋಲು ಬಂದೊಡನೆ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ಮೊದಲೆರಡು ಭಾನುವಾರ ಚೆಂಡು ಎಡಕ್ಕೆ ಹೋಗತೊಡಗಿತು. ಬಿರುಸು ಕೋಲಿಗೆ ಒಗ್ಗಿದ ಕೈ ವಿಪರೀತ ತಿರುಗುತ್ತಿತ್ತು. ಮೂರು ಚೆಂಡು ಕೆರೆಯ ಪಾಲಾದವು. ಕೋಲು ಆಟ ಕಲಿಸುವುದಿಲ್ಲ, ಆಟಕ್ಕೆ ಅಡ್ಡ ಬರದಿದ್ದರೆ ಸಾಕು. ಕಲಿಯುವುದು ನಾವೇ.

ಆ ದಿನಗಳಲ್ಲಿ ಸೊಸೆ ನನಗೆ ಅದಿತಿ ಅಶೋಕ್ ವಿಷಯ ಹೇಳಿದಳು. ಬೆಂಗಳೂರಿನ ಹುಡುಗಿ, ಐದು ವರ್ಷದವಳಿದ್ದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಆಟ ಹಿಡಿದವಳು. 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ 60 ಜನ ಆಟಗಾರ್ತಿಯರ ನಡುವೆ ನಾಲ್ಕನೆಯವಳಾದಳು. ಒಂದೇ ಒಂದು ಏಟಿನಲ್ಲಿ ಪದಕ ತಪ್ಪಿತು. ಡ್ರೈವರಿನಲ್ಲಿ ದೂರ ಹೊಡೆಯುವುದರಲ್ಲಿ ಆಕೆ ಅಲ್ಲಿ ಹಿಂದಿನ ಸಾಲಿನವಳೇ. ಜಗತ್ತಿನ ಬಲಶಾಲಿಗಳ ಏಟು ಆಕೆಯದನ್ನು ದಾಟಿ ಎಷ್ಟೋ ಮುಂದೆ ಬೀಳುತ್ತಿತ್ತು. ಆಕೆ ಅವರ ಹಾಗೆ ಹೊಡೆಯಲು ಹೋಗದೆ, ತನ್ನ ಅಳತೆಯ ಏಟನ್ನು ನೆಟ್ಟಗೆ ಹೊಡೆದು, ಕುಳಿಯ ಹತ್ತಿರದ ಸಣ್ಣ ಏಟುಗಳಲ್ಲಿ ಗೆದ್ದಳು. ಆಗ ಅವಳ ಚೀಲ ಹೊತ್ತು ಜೊತೆಗೆ ನಡೆದವರು ಯಾರೆಂದುಕೊಂಡಿರಿ? ಅವಳ ತಾಯಿ. ಅದನ್ನು ಕೇಳಿ ನಾನು ಸೊಸೆಯ ಚೀಲ ಎತ್ತಿ ನೋಡಿದೆ. ನನ್ನ ಸೊಂಟ ಬೇಡವೆಂದಿತು. ನೀರಿನ ಬಾಟಲಿ ಹಿಡಿದುಕೊಂಡೆ.

ನಿಮ್ಮ ಮನೆಯಲ್ಲಿ ಗಾಲ್ಫ್ ಆಡುವವರು ಇರಲಿಕ್ಕಿಲ್ಲ. ಆದರೆ ಅಡುಗೆ ಕಟ್ಟೆ ಇದೆಯಲ್ಲ? ಅದರ ಎತ್ತರ ಗೊತ್ತು ಮಾಡಿದವರು ಯಾರು? ಗೌಂಡಿ ತಾನೆ? ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಂಡು 'ವಯಸ್ಸಾಯ್ತು' ಎಂದು ನಿಮ್ಮನ್ನೇ ಬೈದುಕೊಳ್ಳುತ್ತಿಲ್ಲವೇ? ಹೊಲಿಗೆ ಮಷಿನ್ನಿನ ಕುರ್ಚಿ, ಮಗಳ ಸೈಕಲ್ಲು, ಕನ್ನಡಕ, ಯಾವುದೇ ಇರಲಿ. ಕೈಯನ್ನು ಹಳಿಯುವ ಮುಂಚೆ ಕೈಯಲ್ಲಿರುವ ವಸ್ತುವನ್ನು ಒಮ್ಮೆ ಅಳೆದು ನೋಡಿ. ಮನೆಗೆ ಬಂದ ಸೊಸೆಗೆ 'ಕೈಗುಣ ಇಲ್ಲ' ಅನ್ನುವ ಮುಂಚೆಯಂತೂ ಎರಡು ಸಲ ಅಳೆಯಿರಿ.

ಊರಿಗೆ ಬಂದ ಮೇಲೆ ಒಂದು ಭಾನುವಾರ ಹನ್ನೊಂದು ಗಂಟೆಗೆ ಫೋನು. "ಅತ್ತೆ, ಇವತ್ತು ಕೆರೆ ದಾಟಿತು!" ಎಂದು ಸೊಸೆ ಕೂಗುತ್ತಿದ್ದಳು. ಸ್ವಲ್ಪ ತಡೆದು, "ಅಪ್ಪ ಇರಬೇಕಿತ್ತು" ಅಂದಳು. ನನ್ನ ಗಂಟಲೂ ಕಟ್ಟಿತು. "ನಾ ಅದೀನಲ್ಲವ್ವಾ, ನನಗ ಹೇಳು" ಅಂದೆ. ಅವಳು ಎಲ್ಲಾ ಹದಿನೆಂಟು ಕುಳಿಯ ಕಥೆ ಹೇಳಿದಳು. ಒಲೆಯ ಮೇಲಿನ ಬೇಳೆ ತಳ ಹಿಡಿಯಿತು. ಹಿಡಿಯಲಿ ಬಿಡಿ.

ಕಾಕೂ ಬಾಗಿಲಲ್ಲಿ ನಿಂತಿದ್ದರು. "ಏನವ್ವಾ, ಸೊಸೀ ಹೊಸಾ ಡ್ರೈವರ್ ಹೆಂಗ ಅದಾನ?" ಎಂದು ಕೇಳಿದರು.

"ಛಲೋ ಅದಾನ ಕಾಕೂ" ಅಂದೆ. "ಅಕಿ ಹೇಳಿದಂಗ ಕೇಳ್ತಾನ."