ಕಜ್ಜಿಯೂ ತುರಿಕೆಯೂ

ಮನೆಯ ಸಂಗತಿಗಳಲ್ಲಿ ಬಾಯಿಬಿಟ್ಟು ಹೇಳಲು ನಾವು ಸಂಕೋಚಪಡುವಂಥವು ಕೆಲವುಂಟು. ಕಜ್ಜಿ ಅವುಗಳಲ್ಲೊಂದು. ಜ್ವರ ಬಂದರೆ ನೆರೆಯವರಿಗೆ ಹೇಳುತ್ತೇವೆ. ಕಜ್ಜಿಯಾದರೆ ಕೈಯನ್ನು ಶಾಲಿನೊಳಗೆ ಮರೆಸಿಕೊಳ್ಳುತ್ತೇವೆ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ನಾನೂ ಕಳೆದ ಮಳೆಗಾಲದಲ್ಲಿ ಹಾಗೆಯೇ ಮಾಡಿದೆನು. ಅದರಿಂದ ಮನೆಮಂದಿಗೆಲ್ಲ ಕಷ್ಟವಾಯಿತು. ಅದಕ್ಕಿಂತ ಹೆಚ್ಚಾಗಿ, ನಿರಪರಾಧಿಯಾದ ಒಬ್ಬ ಹೆಂಗಸಿಗೆ ಅನ್ಯಾಯವಾಯಿತು. ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಆ ವೃತ್ತಾಂತವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯು ಪುತ್ತೂರಿನಿಂದ ಕೆಲವು ಮೈಲಿ ಒಳಗೆ, ಅಡಕೆ ತೋಟದ ನಡುವೆ ಇರುವುದು. ಸುಳ್ಯದ ಕಡೆಗೆ ಕೊಟ್ಟ ಮಗಳ ಮಗನು, ಹನ್ನೊಂದು ವರ್ಷದವನು, ಒಂದು ವಸತಿಶಾಲೆಯಲ್ಲಿ ಓದುತ್ತಿದ್ದಾನೆ. ಆಟಿ ತಿಂಗಳ ಮೊದಲಲ್ಲಿ ಅವನಿಗೆ ಜ್ವರ ಬಂದುದರಿಂದ ಹತ್ತು ದಿನ ನಮ್ಮಲ್ಲಿಗೆ ಬಂದು ಇದ್ದನು. ಹೊರಗೆ ಬಿಡದ ಮಳೆ. ರಾತ್ರಿ ನನ್ನ ಮಗ್ಗುಲಲ್ಲಿಯೇ ಒಂದೇ ಕಂಬಳಿ ಹೊದ್ದು, ಕಥೆ ಕೇಳುತ್ತ ಮಲಗುತ್ತಿದ್ದನು. ಹಗಲಿನಲ್ಲಿ, ನಮ್ಮ ಅಂಗಳ ಗುಡಿಸಲು ಬರುವ ಹೆಂಗಸಿನ ಮೂರು ವರ್ಷದ ಮಗುವನ್ನು ತೊಡೆಯಿಂದ ಇಳಿಸದೆ ಆಡಿಸುತ್ತಿದ್ದನು. ಆಗಾಗ ಕೈ ತುರಿಸಿಕೊಂಡುದನ್ನು ಕಂಡೆನಾದರೂ ಸೊಳ್ಳೆ ಕಚ್ಚಿರಬೇಕೆಂದು ಸುಮ್ಮನಾದೆನು. ಜ್ವರ ಬಿಟ್ಟಿತು, ಹುಡುಗ ಶಾಲೆಗೆ ಹಿಂದಿರುಗಿದನು.

ಐದು ವಾರ ಕಳೆದು ಸೋಣ ತಿಂಗಳು ನಡೆಯುತ್ತಿರುವಾಗ ನನಗೆ ತುರಿಕೆ ಆರಂಭವಾಯಿತು. ಹಗಲು ಅಷ್ಟಿಲ್ಲ, ರಾತ್ರಿ ಹೊದ್ದು ಮೈ ಬೆಚ್ಚಗಾದೊಡನೆ ಬೆರಳ ಸಂದಿ, ಮಣಿಕಟ್ಟು, ಸೊಂಟ ಇವುಗಳಲ್ಲಿ ಉರಿಯಿಟ್ಟಂತಾಗುತ್ತಿತ್ತು. “ನಂಜಿನ ಪದಾರ್ಥ ತಿಂದದ್ದೇ ಕಾರಣ” ಎಂದು ಮನೆಯಾಕೆ ಬದನೆಕಾಯನ್ನೂ ಹಲಸಿನ ಬೀಜವನ್ನೂ ನಿಲ್ಲಿಸಿದಳು. ಕಹಿಬೇವಿನ ನೀರಿನ ಸ್ನಾನವಾಯಿತು, ಅರಸಿನ ಬೆರೆಸಿದ ಎಣ್ಣೆಯಾಯಿತು. ಚರ್ಮದ ವ್ಯಾಧಿಯೆಂದರೆ ನಮ್ಮ ಸೀಮೆಯವರಿಗೆ ಮೊದಲು ನೆನಪಾಗುವುದು ಸುಬ್ರಹ್ಮಣ್ಯ. ಕಡಬ ತಾಲೂಕಿನ ಆ ಕ್ಷೇತ್ರಕ್ಕೆ ಹೋಗಿ ಕುಮಾರಧಾರೆಯಲ್ಲಿ ಮಿಂದು, ಮೃತ್ತಿಕೆಯ ಪ್ರಸಾದವನ್ನೂ ತಂದೆವು. ಕೊನೆಗೆ “ಅಲರ್ಜಿ” ಎಂದು ಔಷಧದಂಗಡಿಯಿಂದ ಒಂದು ಮುಲಾಮು ತರಿಸಿ ಹಚ್ಚಿದೆನು. ನಾಲ್ಕು ದಿನ ತುರಿಕೆ ತಗ್ಗಿತು. ಬಳಿಕ ಇಮ್ಮಡಿಯಾಗಿ ಹಬ್ಬಿತು. ಅಷ್ಟರಲ್ಲಿ ಮನೆಯಾಕೆಗೂ ಶುರುವಾಯಿತು.

ಅದೇ ವಾರದಲ್ಲಿ ಗುಡಿಸುವ ಹೆಂಗಸಿನ ಮಗುವೂ ಮೈ ಕೆರೆದುಕೊಳ್ಳುವುದನ್ನು ಮನೆಯಾಕೆ ಕಂಡಳು. “ನೋಡಿ, ಇದು ಅಲ್ಲಿಂದಲೇ ಬಂದದ್ದು” ಎಂದಳು. ನಾನು ವಿಚಾರಿಸಲಿಲ್ಲ. ಗುಣವಾಗುವವರೆಗೆ ಬರಬೇಡವೆಂದು ಆ ಹೆಂಗಸಿಗೆ ನಾನೇ ಹೇಳಿದೆನು. ಅವಳು “ಆಯಿತು ಮಾಷ್ಟ್ರೇ” ಎಂದಷ್ಟೇ ಹೇಳಿ ಮಗುವನ್ನು ಎತ್ತಿಕೊಂಡು ಹೊರಟುಹೋದಳು.

ಮತ್ತೂ ಒಂದು ವಾರ ನಿದ್ರೆಗೆಟ್ಟ ಮೇಲೆ ಪುತ್ತೂರಿನಲ್ಲಿ ಚರ್ಮವೈದ್ಯರೊಬ್ಬರ ಬಳಿಗೆ ಹೋದೆನು. ಅವರು ನನ್ನ ಬೆರಳ ಸಂದಿಯನ್ನು ಭೂತಗನ್ನಡಿಯಲ್ಲಿ ನೋಡಿ, ಬೂದುಬಣ್ಣದ ನೂಲಿನೆಳೆಯಂಥ ಒಂದು ಸಣ್ಣ ಗೆರೆಯನ್ನು ತೋರಿಸಿದರು. ಅದು ಕಜ್ಜಿಯ ನುಸಿ ಕೊರೆದ ಸುರಂಗ. ತೆಂಗಿನ ನುಸಿಪೀಡೆಯನ್ನು ಬಲ್ಲ ನಮ್ಮ ಕೃಷಿಕರಿಗೆ ನುಸಿ ಹೊಸತಲ್ಲ. ಇದು ಮನುಷ್ಯನ ಚರ್ಮದ ನುಸಿ. ಜೇಡ, ಉಣುಗುಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಜೀವಿ. ಅರ್ಧ ಮಿಲಿಮೀಟರಿನಷ್ಟೂ ಉದ್ದವಿಲ್ಲ. ಹೆಣ್ಣು ನುಸಿಯು ಚರ್ಮದ ಮೇಲ್ಪದರವನ್ನು ಕೊರೆದು, ದಿನಕ್ಕೆ ಎರಡು ಮೂರು ಮೊಟ್ಟೆಗಳಂತೆ ಇಡುತ್ತ, ನಾಲ್ಕರಿಂದ ಆರು ವಾರ ಬದುಕುತ್ತದೆ. ಇಷ್ಟೆಲ್ಲ ತುರಿಕೆಗೆ ಮೈಯಲ್ಲಿರುವ ನುಸಿಗಳು ಸಾಧಾರಣವಾಗಿ ಹತ್ತು ಹದಿನೈದು ಮಾತ್ರವೆಂದು ಕೇಳಿ ನಾನು ಬೆರಗಾದೆನು.

“ಹಾಗಾದರೆ ಇದು ಅಲರ್ಜಿಯಲ್ಲವೇ?” ಎಂದು ಕೇಳಿದೆನು.

“ಅಲರ್ಜಿಯೂ ಹೌದು, ಮಾಷ್ಟ್ರೇ. ತುರಿಸುವುದು ನುಸಿಯ ಕಡಿತದಿಂದಲ್ಲ. ನುಸಿ, ಅದರ ಮೊಟ್ಟೆ, ಅದರ ಮಲ ಇವುಗಳನ್ನು ನಿಮ್ಮ ದೇಹ ಪರಕೀಯವೆಂದು ಗುರುತಿಸಿ ಹೂಡುವ ಜಗಳವೇ ತುರಿಕೆ. ಹಾಗೆ ಗುರುತಿಸಲು ಮೊದಲ ಸಲ ನಾಲ್ಕರಿಂದ ಆರು ವಾರ ಬೇಕು. ಒಮ್ಮೆ ಕಲಿತ ದೇಹಕ್ಕೆ ಎರಡನೆಯ ಸಲ ಒಂದೆರಡು ದಿನ ಸಾಕು” ಎಂದರು.

ಈ ಮಾತು ಕೇಳಿದೊಡನೆ ಬಾಲ್ಯದಲ್ಲಿ ಉರುಹೊಡೆದ ಅಮರಕೋಶವು ನೆನಪಿಗೆ ಬಂದಿತು. ಅಲ್ಲಿ ಮನುಷ್ಯವರ್ಗದಲ್ಲಿ ಕಚ್ಛೂ, ಪಾಮಾ ಎಂಬ ರೋಗದ ಹೆಸರುಗಳು ಬೇರೆ. ಕಂಡೂ, ಖರ್ಜೂ ಎಂಬ ತುರಿಕೆಯ ಹೆಸರುಗಳು ಬೇರೆ. ಮಕ್ಕಳಿಗೆ ಎಷ್ಟೋ ವರ್ಷ ಈ ಭೇದವನ್ನು ಹೇಳಿಕೊಟ್ಟ ನಾನು ನನ್ನ ಮೈಯಲ್ಲಿ ಅದನ್ನು ಕಾಣದೆ ಹೋದೆನು. ರೋಗ ಬಂದ ದಿನ ತುರಿಕೆ ಬರುವುದಿಲ್ಲ. ರೋಗ ಹೋದ ದಿನ ತುರಿಕೆ ಹೋಗುವುದೂ ಇಲ್ಲ. ಎರಡನ್ನೂ ಒಂದೆಂದು ತಿಳಿಯುವುದರಿಂದಲೇ ನಾವು ಮೋಸಹೋಗುವುದು. ಅಂಗಡಿಯ ಮುಲಾಮಿನಲ್ಲಿ ಇದ್ದುದು ಸ್ಟಿರಾಯ್ಡ್. ಅದು ದೇಹದ ಜಗಳವನ್ನು ನಾಲ್ಕು ದಿನ ಅಡಗಿಸಿತೇ ಹೊರತು ನುಸಿಯನ್ನು ಮುಟ್ಟಲಿಲ್ಲ.

ಈ ವಿಷಯವು ತಿಳಿದು ಬಂದ ಬಗೆಯೂ ಸ್ವಾರಸ್ಯವಾದುದು. ಕಜ್ಜಿಗೆ ಈ ಸೂಕ್ಷ್ಮಜೀವಿಯೇ ಕಾರಣವೆಂದು ಇಟಲಿಯ ಬೊನೊಮೊ ಎಂಬ ವೈದ್ಯನು ೧೬೮೭ರಷ್ಟು ಹಿಂದೆಯೇ ಬರೆದಿದ್ದನು. ಆದರೆ ತುರಿಕೆ ತಡವಾಗಿ ಬರುವುದನ್ನು ಚೆನ್ನಾಗಿ ಪರೀಕ್ಷಿಸಿದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ೧೯೪೧ರಿಂದ ಕೆನೆತ್ ಮೆಲನ್ಬಿ ಎಂಬ ವಿಜ್ಞಾನಿಯು, ಯುದ್ಧಕ್ಕೆ ಹೋಗಲೊಪ್ಪದ ಶಾಂತಿವಾದಿ ತರುಣರು ತಾವಾಗಿ ಮೈಯೊಡ್ಡಲು, ಅವರಿಗೆ ಕಜ್ಜಿ ಅಂಟಿಸಿ ನೋಡಿದನು. ಮೊದಲ ಸಲ ಅಂಟಿದವರಿಗೆ ಸುಮಾರು ಒಂದು ತಿಂಗಳು ತುರಿಕೆಯೇ ಇರಲಿಲ್ಲ. ಗುಣವಾಗಿ ಮತ್ತೆ ಅಂಟಿದವರಿಗೆ ಒಂದು ದಿನದೊಳಗೆ ತುರಿಸಿತು. ರೋಗಿಗಳು ಹೊದ್ದ ಕಂಬಳಿಗಳಿಂದ ಅಂಟಿದುದು ತೀರ ಅಪರೂಪ. ಮೈಗೆ ಮೈ ತಾಗಿ ಬಹಳ ಹೊತ್ತು ಇರುವುದರಿಂದಲೇ ಅಂಟುವುದೆಂದು ಸಿದ್ಧವಾಯಿತು.

ವೈದ್ಯರು ನನ್ನನ್ನು ಕೇಳಿದ ಮುಂದಿನ ಪ್ರಶ್ನೆ ಇದು: “ಒಂದೂವರೆ ತಿಂಗಳ ಹಿಂದೆ ನಿಮ್ಮ ಮಗ್ಗುಲಲ್ಲಿ ಯಾರು ಮಲಗಿದ್ದರು?” ನಾನು ಬೆರಳು ಮಡಚಿ ಲೆಕ್ಕ ಹಾಕಿದೆನು. ಲೆಕ್ಕವು ಮೊಮ್ಮಗನಲ್ಲಿಗೆ ಹೋಗಿ ನಿಂತಿತು. ಮಗಳಿಗೆ ಫೋನು ಮಾಡಿ ವಿಚಾರಿಸಲು, ವಸತಿಶಾಲೆಯ ಅನೇಕ ಹುಡುಗರಿಗೆ ಕಜ್ಜಿಯೆಂದು ತಿಳಿಯಿತು. ನನಗೂ ಆ ಮಗುವಿಗೂ ಒಂದೇ ವಾರದಲ್ಲಿ ತುರಿಕೆ ಹತ್ತಿದುದು, ಒಂದೇ ದೀಪದಿಂದ ಹೊತ್ತಿಸಿದ ಎರಡು ಬತ್ತಿಗಳಂತೆ. ಆ ದೀಪ ನಮ್ಮ ಮನೆಯದು. ಕೊಟ್ಟವರು ನಾವು, ಕಳ್ಳರೆಂಬಂತೆ ಹೊರಗಟ್ಟಿದುದು ಅವಳನ್ನು.

ಅಂದು ಸಾಯಂಕಾಲವೇ ಅವಳ ಮನೆಗೆ ಹೋದೆನು. “ತಪ್ಪು ನಮ್ಮದು, ನಿನ್ನದಲ್ಲ. ಮದ್ದು ತಂದಿದ್ದೇನೆ. ನಾಳೆ ಮಗುವನ್ನು ಡಾಕ್ಟರರಿಗೆ ತೋರಿಸೋಣ, ಆಮೇಲೆ ಎರಡು ಮನೆಯವರೂ ಒಂದೇ ದಿನ ಹಚ್ಚಿಕೊಳ್ಳೋಣ” ಎಂದೆನು. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ, “ಮಗು ದಿನಾ ನಿಮ್ಮ ಮನೆಗೆ ಹೋಗಬೇಕೆಂದು ಅಳುತ್ತದೆ, ಮಾಷ್ಟ್ರೇ” ಎಂದಳು.

ಚಿಕಿತ್ಸೆಯ ಕ್ರಮವನ್ನು ವಿಸ್ತಾರವಾಗಿ ಹೇಳುತ್ತೇನೆ. ಏಕೆಂದರೆ ಮದ್ದು ಸರಿಯಿದ್ದರೂ ಕ್ರಮ ತಪ್ಪಿದರೆ ಫಲವಿಲ್ಲ. ತುರಿಸುವವರು, ತುರಿಸದವರು ಎಂಬ ಭೇದವಿಲ್ಲದೆ ಒಂದು ಮನೆಯವರೆಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳತಕ್ಕದ್ದು. ತುರಿಸದವನ ಮೈಯಲ್ಲಿಯೂ ನುಸಿ ಇದ್ದೀತಷ್ಟೆ. ನಮಗೆ ಕೊಟ್ಟುದು ನೂರಕ್ಕೆ ೫ರ ಪರ್ಮೆಥ್ರಿನ್ ಮುಲಾಮು. ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಅಡಿ, ಬೆರಳ ಸಂದಿ, ಕಂಕುಳು, ಹೊಕ್ಕುಳು, ಗುಹ್ಯಪ್ರದೇಶ, ಯಾವುದನ್ನೂ ಬಿಡದೆ ಹಚ್ಚಿ, ೮ರಿಂದ ೧೪ ಗಂಟೆ ಬಿಟ್ಟು ಸ್ನಾನ ಮಾಡಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಸಣ್ಣ ಮಕ್ಕಳಿಗೆ ಕಣ್ಣು ಬಾಯಿಗಳನ್ನು ಬಿಟ್ಟು ತಲೆ ಮುಖಗಳಿಗೂ ಬೇಕಾಗುವುದು. ಎಳೆಗೂಸು, ಗರ್ಭಿಣಿ ಇವರ ವಿಷಯದಲ್ಲಿ ವೈದ್ಯರನ್ನು ಕೇಳದೆ ಏನನ್ನೂ ಮಾಡಕೂಡದು. ಒಂದು ವಾರದ ಬಳಿಕ ಇನ್ನೊಮ್ಮೆ ಹಚ್ಚಬೇಕು. ಉಳಿದ ಮೊಟ್ಟೆಗಳಿಂದ ಹೊರಟ ಮರಿಗಳು ಅದರಿಂದ ಸಾಯುವುವು.

ಮನುಷ್ಯನ ಮೈಯಿಂದ ಅಗಲಿದ ನುಸಿಯು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕಲಾರದು. ಆದುದರಿಂದ ಹಿಂದಿನ ಮೂರು ದಿನಗಳ ಬಟ್ಟೆ, ಹಾಸಿಗೆಯ ಹೊದಿಕೆಗಳನ್ನು ಬಚ್ಚಲ ಹಂಡೆಯ ಕುದಿನೀರಿನಲ್ಲಿ ಅದ್ದಿ ಒಗೆದೆವು. ಮಳೆಯಲ್ಲಿ ಒಣಗದ ಕಂಬಳಿಗಳನ್ನು ಚೀಲದಲ್ಲಿ ಕಟ್ಟಿ ಒಂದು ವಾರ ಅಟ್ಟದಲ್ಲಿ ಇಟ್ಟೆವು. ಇದಕ್ಕಿಂತ ಹೆಚ್ಚಿನ ಹೊಗೆ, ಸಿಂಪರಣೆಗಳ ಅಗತ್ಯವಿಲ್ಲ.

ಎರಡು ಸಲ ಹಚ್ಚಿದ ಮೇಲೂ ತುರಿಕೆ ನಿಲ್ಲದಿರಲು ಮನೆಯಾಕೆ ಮೂರನೆಯ ಸಲ ಹಚ್ಚಲು ಹೊರಟಳು. ವೈದ್ಯರು ತಡೆದರು. ಸತ್ತ ನುಸಿಯ ಅವಶೇಷಗಳು ಚರ್ಮದೊಂದಿಗೆ ಉದುರಿಹೋಗುವವರೆಗೆ ಎರಡರಿಂದ ನಾಲ್ಕು ವಾರ ದೇಹದ ಜಗಳ ಮುಂದುವರಿಯುವುದು. ಪದೇ ಪದೇ ಹಚ್ಚಿದರೆ ಆ ಮದ್ದೇ ಚರ್ಮವನ್ನು ಕೆಣಕುವುದು. ನಾಲ್ಕು ವಾರ ದಾಟಿದರೆ, ಅಥವಾ ಹೊಸ ಗೆರೆಗಳು ಕಂಡರೆ, ಮತ್ತೆ ತೋರಿಸಬೇಕು. ಕೆರೆದ ಗಾಯ ಕೀವಾದರೆ ತಡಮಾಡಬಾರದು. ಅದರಿಂದ ಮಕ್ಕಳ ಮೂತ್ರಪಿಂಡಕ್ಕೂ ಹಾನಿಯಾಗುವುದುಂಟು. ಮುಖ ಊದಿಕೊಂಡರೆ, ಮೂತ್ರ ಕೆಂಪಾದರೆ ಒಡನೆ ಆಸ್ಪತ್ರೆಗೆ ಒಯ್ಯಬೇಕು. ಶಕ್ತಿಗುಂದಿದ ವೃದ್ಧರಲ್ಲಿ ದಪ್ಪ ಹೊಪ್ಪಳೆ ಕಟ್ಟುವ ಇನ್ನೊಂದು ಬಗೆಯುಂಟು. ಅಲ್ಲಿ ತುರಿಕೆ ಅತ್ಯಲ್ಪವಾಗಿದ್ದರೂ ನುಸಿಗಳು ಸಾವಿರಗಟ್ಟಲೆ ಇರುವುವು.

ಇಷ್ಟನ್ನು ಬರೆಯುವಾಗ ಇಪ್ಪತ್ತೈದು ವರ್ಷಗಳ ಹಿಂದಿನ ಒಬ್ಬ ಹುಡುಗನು ಕಣ್ಣೆದುರಿಗೆ ಬರುತ್ತಾನೆ. ತರಗತಿಯಲ್ಲಿ ಕೈ ಕೆರೆದುಕೊಳ್ಳುತ್ತಿದ್ದ ಅವನನ್ನು ಎಲ್ಲರೆದುರಿಗೆ ಎಬ್ಬಿಸಿ ಕೊನೆಯ ಬೆಂಚಿಗೆ ಕಳುಹಿಸಿದವನು ನಾನು. ಕೆಲವು ದಿನಗಳಲ್ಲಿ ಅವನು ಶಾಲೆಗೆ ಬರುವುದನ್ನೇ ಬಿಟ್ಟನು. ತುರಿಸಿಕೊಳ್ಳದೆ ಮುಂದಿನ ಬೆಂಚಿನಲ್ಲಿ ಕುಳಿತಿದ್ದವರಲ್ಲಿ ಎಷ್ಟು ಮಂದಿಯ ಮೈಯಲ್ಲಿ ಆಗಲೇ ನುಸಿ ಇದ್ದಿತೋ! ಒಮ್ಮೆ ಮದ್ದು ಹಚ್ಚಿದ ಮಗು ಮರುದಿನವೇ ಶಾಲೆಗೆ ಬರಬಹುದೆಂಬುದು ಆಗ ನನಗೆ ತಿಳಿದಿರಲಿಲ್ಲ. ತಿಳಿಯಬೇಕೆಂದು ಕೇಳಿದವನೂ ನಾನಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ ಕಜ್ಜಿಯನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. ಉಪೇಕ್ಷೆ ಎಂದರೆ ಮದ್ದಿಲ್ಲವೆಂದಲ್ಲ, ಮಾತಿಲ್ಲವೆಂದು ಅರ್ಥ. ಆದುದರಿಂದ ನಿಮ್ಮ ಮನೆಯಲ್ಲಿ ಒಬ್ಬರಿಗೆ ರಾತ್ರಿಯ ತುರಿಕೆ ಹತ್ತಿದರೆ ನಾಚದೆ ಹೇಳಿರಿ. ಯಾರಿಂದ ಬಂದಿತೆಂದು ಹುಡುಕುವ ಮೊದಲು ಯಾರಿಗೆಲ್ಲ ಕೊಟ್ಟಿರಬಹುದೆಂದು ಲೆಕ್ಕ ಹಾಕಿರಿ. ಆ ಮಗು ಈಗ ಪ್ರತಿದಿನ ಬೆಳಗ್ಗೆ ನಮ್ಮ ಜಗಲಿಗೆ ಬಂದು ಕುಳಿತುಕೊಳ್ಳುತ್ತದೆ.